ಕೃತ್ತಿಕಾ ಎಷ್ಟು ಕಾಣತಾವ ಬರಿ

ಮುನವಳ್ಳಿ
ತಾ. ೧೬-೨-೨೦೦೩

ನಿಂಗರಾಜಗ,

ಅನ್ನಪೂರ್ಣಾ ಮಾಡುವ ನಮಸ್ಕಾರ. ಹೌದೋ, ಹೆಸರು ಹಿಡದ ಬರದೇನಿ. ಬಾಜೂಕ ನಮ್ಮಿಬ್ಬರ ಸೋಮವ್ವ ಆಯಿ ಅವರಿಕಾಯಿ ಸುಲಕೋತ ಕುಂತಾಳ, ಅಕಿಗೆ ಓದಾಕ ಬರಂಗಿಲ್ಲ, ಅದ ನನ್ನ ಪುಣ್ಯ. ಬಾಯಾಗ ನಿನ್ನ ಹೆಸರು ಬಂತಂದ್ರ ಸಾಕು, ಕೈಯಾಗಿದ್ದದ್ದು ಒಗದು ಬೈತಾಳ. "ತೊಟ್ಟಲದಾಗ ಇದ್ದಾಗ ಮಾತಾಗೇತಿ, ಕಟಗೊಳ್ಳೂ ಗಂಡನ ಹೆಸರು ಹೇಳಿದ್ರ ಅವನ ಆಯುಷ್ಯ ಕಡಿಮಿ ಆಗತೈತಿ, ಮಿಲಿಟ್ರ್ಯಾಗ ಬ್ಯಾರೆ ಅದಾನ, ನಿನಗ ಬುದ್ಧಿ ಇಲ್ಲೇನು" ಅಂತಾಳ. ಅದಕ ಮನ್ಯಾಗ ನಿನ್ನ "ಮಾವನ ಮಗಾ" ಅಂತ ಕರೀತೇನಿ. ಪತ್ರದಾಗ ಮಾತ್ರ ನಿಂಗರಾಜ, ನಿಂಗರಾಜ, ನಿಂಗರಾಜ. ಏನ ಮಾಡ್ಕೋತಿ ಮಾಡ್ಕೋ.

ತಡಾ ಮಾಡಿ ಬರಿಯಾಕ ಹತ್ತೇನಿ, ಸಿಟ್ಟಾಗಬ್ಯಾಡ. ನಿನ್ನ ಪತ್ರ ಸಂಕ್ರಮಣದ ಮುಂದ ಬಂದಿತ್ತು. ನಾ ಬೆಳಗಾವಿಗೆ ಹೋಗಿದ್ದೆ, ಏರ್‌ಫೋರ್ಸಿನ ಪರೀಕ್ಷಾದ ಪುಸ್ತಕ ತರಾಕ. ಹೊಳ್ಳಿ ಬಂದ ಮ್ಯಾಲೆ ಬರೀಬೇಕಂದ್ರ ಆ ಸುದ್ದಿ ಬಂತು. ಅದರಾಗ ಕೈ ನಡೀಲಿಲ್ಲ.

ನಿಮ್ಮ ಲಡಾಖದಾಗೂ ರೇಡಿಯೋದಾಗ ಹೇಳಿರಬೇಕು. ಅಮೇರಿಕಾದವರ ಬಾಹ್ಯಾಕಾಶ ನೌಕಾ ಇಳಿಯೂ ಮುಂದ ಆಕಾಶದಾಗ ಚೂರಚೂರಾತು. ಏಳೂ ಮಂದಿ ಹ್ವಾದ್ರು. ಅದರಾಗ ಒಬ್ಬಾಕಿ ನಮ್ಮ ದೇಶದಾಗ ಹುಟ್ಟಿ ಬೆಳದಾಕಿ. ಆಕಿ ಫೋಟೋ ನಾ ಪೇಪರಿನ್ಯಾಗಿಂದ ಕತ್ತರಿಸಿ ನನ್ನ ಕಪಾಟಕ್ಕ ಹಚ್ಚಿದ್ದು ನಿನಗ ಗೊತ್ತೈತಿ. ಟೀವಿಯೊಳಗ ಬಿಳೇ ಗೆರಿ ಒಂದ ಇದ್ದದ್ದು ಮೂರಾತು, ನಾಲ್ಕಾತು. ನಾ ನೋಡಿಕೋತ ನಿಂತೆ. ಅವ್ವ ಬಂದು ನನ್ನ ರಟ್ಟಿ ಹಿಡಕೊಂಡ್ಲು.

ಆಮ್ಯಾಲೆ ಓಣಿ ಮಂದಿ ಬಂದ್ರು ನೋಡ, ನಮ್ಮ ಮನ್ಯಾಗ ಯಾರೋ ಹೋದಂಗ! ಅಳಾಕಲ್ಲೋ, ಖುಷಿ ಪಡಾಕ. "ಸಿದ್ದಲಿಂಗವ್ವಾ, ನಿನ್ನ ಮಗಳು ಪಾರಾದ್ಲ ತಗೋ, ಇನ್ನ ಆ ಹುಚ್ಚು ಬಿಡತೈತಿ" ಅಂತ ಅವ್ವಗ ಅಂದ್ರು. ಎಲಾ ಇವರ, ನಾ ಇನ್ನೂ ಬೆಳಗಾವಿ ದಾಟಿಲ್ಲ, ಪಾರಾಗೂದೆಲ್ಲಿಂದ ಬಂತು? ಆಯಿ ಒಬ್ಬಾಕಿನ ಬ್ಯಾರೆ ಮಾತು ಕೇಳಿದ್ಲು. "ಮಣ್ಣು ಕೊಡಾಕ ಏನಾರ ಸಿಕ್ತೇನ?" ಅಂದ್ಲು. ಗೊತ್ತಿಲ್ಲ ಅಂದೆ. "ಮುಖಾ ನೋಡಲಿಲ್ಲಂದ್ರ ಆ ತಾಯಿ ಹೆಂಗ ಊಟಾ ಮಾಡ್ಯಾಳವ್ವ" ಅಂತ ಸೆರಗು ಬಾಯಿಗಿಟ್ಟು ಅತ್ಲು. ಆಗ ನನಗೂ ಅಳು ಬಂತು.

ಅಪ್ಪ ಮಾತ್ರ ಮರುದಿನ ಅಂಗಡಿಗೆ ಹೋಗೂ ಮುಂದ ಚಪ್ಪಲಿ ಮೆಟ್ಟಿಕೋತ ಅಂದ: "ಅನ್ನಕ್ಕಾ, ಮೋಟಾರ ಸುಟ್ಟಿತಂತ ಯಾರರ ಬಾವಿ ಮುಚ್ಚತಾರೇನ? ನೀ ಓದ." ಪೈಪು-ಮೋಟಾರ ಮಾರಾವನ ಬಾಯಾಗ ಮತ್ತೇನ ಬರತೈತಿ! ಆದ್ರ ಅಷ್ಟ ಮಾತು ನನಗ ಸಾಕಾತು.

ನನ್ನ ಲೆಕ್ಕ ನಿನಗ ಮತ್ತೊಮ್ಮಿ ಹೇಳತೇನಿ, ನೀ ಪ್ರತಿ ಸಲ ನಗತಿ, ಈ ಸಲ ನಗಬ್ಯಾಡ. ಈಗ ಅವರ ನೌಕಾ ಒಂದೆರಡು ವರ್ಷ ನಿಲ್ಲತಾವ. ನಮ್ಮವರು ಉಪಗ್ರಹ ಬಿಡಾಕ ಕಲ್ತಾರ, ಚಂದ್ರನ ಮಾತೂ ಎತ್ಯಾರ. ಹತ್ತು-ಹದಿನೈದು ವರ್ಷದಾಗ ಮನುಷ್ಯಾರನ್ನೂ ಕಳಸತಾರ. ಆಗ ಯಾರನ್ನ ಹುಡುಕತಾರ? ವಿಮಾನ ಹಾರಿಸಿದವರನ್ನ. ಹೆಣ್ಣುಮಕ್ಕಳನ್ನ ಪೈಲಟ್ ಮಾಡಾಕ ಹತ್ಯಾರ. ನಾ ಆಗ ಮೂವತ್ತೈದರ ಆಸುಪಾಸ, ಗಟ್ಟಿ ವಯಸ್ಸು. ಅದರ ಮುಂದ ಏನಂತ ಆಯಿ ಕೇಳತಾಳ. ಮುಂದ ಲಗ್ನ, ಮತ್ತೇನು. ಮಾವನ ಮಗಾ ಅಲ್ಲೀತನಕ ಕಾಯಬೇಕಂದೆ. ಆಯಿ ಅವರಿಕಾಯಿ ಬುಟ್ಟಿನ ಒಗದ್ಲು.

ನೀ ಕಾಯತೇನಿ ಅಂತ ಬರದಿದ್ದಿ. ಓದಿದೆ. ಅದಕ್ಕ ಉತ್ತರ ಈಗ ಬರಿಯಂಗಿಲ್ಲ, ಉಬ್ಬತಿ.

ಇಲ್ಲೆಲ್ಲಾ ಆರಾಮ. ಮೊನ್ನೆ ಸಂಜೀಕ ಕೊಟ್ಟಿಗ್ಯಾಗ ಕರಾದ ಹಗ್ಗ ಕಾಣದ ಎಡವಿ ಬಿದ್ದು ಮೊಣಕಾಲು ಕೆತ್ತೇತಿ. "ಕಣ್ಣು ಆಕಾಶದಾಗ ಇಟ್ರ ಹಿಂಗಾ" ಅಂತ ಅವ್ವ ಅರಿಷಿಣ ಹಚ್ಚಿದ್ಲು. ನಿಮ್ಮಲ್ಲೆ ಚುಕ್ಕಿ ಕೈಗೆ ಹತ್ತೂವಂಗ ಅದಾವಂತ ಬರದಿದ್ದಿ, ಹೊಟ್ಟಿಕಿಚ್ಚು ಆತು. ಈಗ ಹೊತ್ತು ಮುಣಗಿದ ಮ್ಯಾಲೆ ಕೃತ್ತಿಕಾ ನೆತ್ತಿ ಮ್ಯಾಲೆ ಇರತಾವ. ಸಣ್ಣವರಿದ್ದಾಗ ದೊಡವಾಡದಾಗ ನಿಮ್ಮ ಮನಿ ಮಾಳಿಗಿ ಮ್ಯಾಲೆ ಎಣಸತಿದ್ದಿವಲ್ಲ, ನೀ ಏಳು ಅಂದ್ರ ನಾ ಎಂಟು ಅಂತಿದ್ದೆ. ಈ ಸಲ ನನಗ ಬರೇ ಹೊಗಿ ಕಂಡಂಗ ಆತು. ನವಿಲುತೀರ್ಥ ಡ್ಯಾಮಿನ ನೀರಿನ ಮಂಜಿರಬೇಕು. ನೀ ಎಷ್ಟು ಕಾಣತಾವ ಬರಿ, ನನ್ನ ಪಾಲಿಂದೂ ಎಣಸು.

ಥಂಡ್ಯಾಗ ಕಿವಿ ಮುಚಗೊಂಡಿರು.

ನಿನ್ನ
ಅನ್ನಪೂರ್ಣಾ

ತಾ.ಕ.: ಆಯಿ ನಿನಗ ಶೇಂಗಾದ ಉಂಡಿ ಕಳಸಬೇಕಂತಾಳ. ಲಡಾಖಕ್ಕ ಮುಟ್ಟೂದ್ರಾಗ ಕಲ್ಲಾಗತಾವಂತ ಹೇಳೇನಿ. ವೈರಿ ಮ್ಯಾಲೆ ಒಗ್ಯಾಕ ಬರತಾವಂತ ಅಪ್ಪ ಅಂದ.


ಮುನವಳ್ಳಿ
ತಾ. ೫-೯-೨೦೦೪

ನಿಂಗರಾಜಗ,

ಅನ್ನಪೂರ್ಣಾ ಮಾಡುವ ನಮಸ್ಕಾರ. ನಿನ್ನ ಪತ್ರ ಎಲ್ಲಾ ಬಂದಾವ, ಒಂದರ ಮ್ಯಾಲೊಂದು ಇಟ್ಟೇನಿ. ರಾಯಪ್ಪನ ಬೂತಿಗೆ ನೀ ಫೋನ್ ಹಚ್ಚಿದಾಗೂ ನಾ ಮನ್ಯಾಗ ಇದ್ದೆ, ಇಲ್ಲಂತ ಹೇಳಿಸಿದೆ. ಆ ರಾಯಪ್ಪ ಬಾಗಲಕ್ಕ ಕಿವಿ ಹಚ್ಚಿ ನಿಂದರತಾನ, ಅವನ ಮುಂದ ಆಡೂ ಮಾತಲ್ಲ ಇದು. ಬರಿಯಾಕ ಇಷ್ಟು ತಡಾ ಮಾಡಿದ್ದಕ್ಕ ಬೈಬೇಕಂದ್ರ ಬೈ. ಬೈದ ಮ್ಯಾಲೆ ಪೂರ್ತಿ ಓದು.

ಮೊದಲ ಚಲೋ ಸುದ್ದಿ ಹೇಳತೇನಿ. ಮೈಸೂರಿನ್ಯಾಗ ಏರ್‌ಫೋರ್ಸಿನ ಸಂದರ್ಶನದಾಗ ನಾ ಪಾಸಾದೆ. ಅಲ್ಲೆ ಮೀಸಿ ಬೆಳ್ಳಗಾದ ಸಾಹೇಬ್ರೊಬ್ಬರು ಕೇಳಿದ್ರು, ನಿನ್ನ ಕೊನೀ ಗುರಿ ಏನಂತ. ಬಾಹ್ಯಾಕಾಶಕ್ಕ ಹೋಗೂದ್ರಿ ಅಂದೆ. "ನಮ್ಮ ದೇಶದಾಗ ಅಂಥಾ ನೌಕರಿನ ಇಲ್ಲ, ಇಲ್ಲದ್ದಕ್ಕ ಅರ್ಜಿ ಹಾಕಾಕ ಬಂದೀಯೇನು?" ಅಂತ ಇಂಗ್ಲೀಷಿನ್ಯಾಗ ಅಂದ್ರು. ನಾನೂ ಇಂಗ್ಲೀಷಿನ್ಯಾಗ ಅಂದೆ: "ಅರ್ಜಿ ಇದ್ದ ನೌಕರಿಗೆ ಹಾಕೇನ್ರಿ ಸರ್. ಇಲ್ಲದ್ದು ಹುಟ್ಟಿದ ದಿವಸ ಅದಕ್ಕ ತಯಾರಿದ್ದವರು ಯಾರರ ಬೇಕಾಗತಾರಲ್ರಿ." ಎಲ್ಲಾರೂ ನಕ್ರು. ಗೆದ್ದೆ ಅಂತ ನನಗ ಅಲ್ಲೇ ಗೊತ್ತಾತು. ಅಪ್ಪ ನಮ್ಮನ್ನ ಇಳಿಸಿದ್ದ ಹಾಸ್ಟೇಲಿನ ಹೊರಗ ಬಾಳಿಹಣ್ಣು ಹಿಡಕೊಂಡು ನಿಂತಿದ್ದ. ಹೇಳಿದ್ದಕ್ಕ ಗೊನಿ ಗೊನಿನ ಕಾವಲುಗಾರಗ ಕೊಟ್ಟುಬಿಟ್ಟ.

ಆಮ್ಯಾಲೆ ಬೆಂಗಳೂರಾಗ ಮೈ ತಪಾಸಣಿ. ಎತ್ತರ, ತೂಕ, ಕಿವಿ, ಎದಿ, ಎಲ್ಲಾ ಝಕಾಸ್. ಕಣ್ಣಿನ ಖೋಲ್ಯಾಗ ಒಂದು ಯಂತ್ರ ಐತಿ, ಬೋಗುಣಿ ಇದ್ದಂಗ. ಅದರೊಳಗ ಮಾರಿ ಇಟ್ಟು ನಡುವ ನೋಡಿಕೋತ ಕುಂದರಬೇಕು. ಅಲ್ಲೊಂದು ಇಲ್ಲೊಂದು ಸಣ್ಣ ಬೆಳಕಿನ ಚುಕ್ಕಿ ಬರತಾವ, ಕಂಡ ಕೂಡ್ಲೆ ಗುಂಡಿ ಒತ್ತಬೇಕು. ನನಗ ನಗು ಬಂತು. ಚುಕ್ಕಿ ಎಣಸೂದು ನನಗ ಹೇಳಿಕೊಡತಾರೇನು! ಒತ್ತಿಕೋತ ಹ್ವಾದೆ. ನಡುನಡುವ ಯಂತ್ರ ಸುಮ್ಮ ಇರತಿತ್ತು, ನಾನೂ ಸುಮ್ಮ ಇರತಿದ್ದೆ. ಮುಗದ ಮ್ಯಾಲೆ ಆ ಮನಶಾ ಕಾಗದ ನೋಡಿ, "ಮೇಡಂ, ನಿದ್ದಿ ಬಂದಿತ್ತೇನ್ರಿ?" ಅಂದ. ಇಲ್ಲಂದೆ. "ಚುಕ್ಕಿ ಬಂದು ಹೋಗ್ಯಾವ್ರಿ, ನೀವು ಒತ್ತಿಲ್ಲ" ಅಂದ. ನಿಮ್ಮ ಯಂತ್ರ ಕೆಟ್ಟೈತಿ ಅಂತ ಜಗಳಾ ತಗದೆ. ಮತ್ತ ಕುಂದರಿಸಿದ್ರು. ಮತ್ತ ಹಂಗ ಬಂತು.

ಆಗ ಡಾಕ್ಟರಬಾಯಿ ಬಂದ್ರು, ಮಂಡ್ಯ ಕಡಿಯವರು, ಮೆತ್ತಗ ಮಾತಾಡತಾರ. ಕಣ್ಣಿಗೆ ಔಷಧ ಹಾಕಿ ಒಳಗ ಭಾಳ ಹೊತ್ತು ನೋಡಿದ್ರು. "ಸಂಜೆ ಹೊತ್ತು ನಡೀವಾಗ ಎಡವುತ್ತೀಯಾ?" ಅಂದ್ರು. ಹೂಂ ಅಂದೆ. "ಬೆಳಕಿನಿಂದ ಕತ್ತಲೆ ಕಡೆ ಹೋದರೆ ಏನೂ ಕಾಣಲ್ವಾ?" ಅಂದ್ರು. ನನಗ ಬೈಲಹೊಂಗಲ ಥೇಟರ ನೆನಪಾತು. ಪಿಚ್ಚರ ಚಾಲೂ ಆದ ಮ್ಯಾಲೆ ಒಳಗ ಹೋಗಿ ನಾ ಯಾರದೋ ತೊಡಿ ಮ್ಯಾಲೆ ಕುಂತದ್ದು, ನೀ ಅದನ್ನ ಊರ ತುಂಬ ಹೇಳಿ ನಕ್ಕದ್ದು. ಆ ಮುದಕ ಎಷ್ಟು ಬೈದಿದ್ದ! ಡಾಕ್ಟರಬಾಯಿ ಮುಂದ ಅದನ್ನ ಹೇಳಿ ನಾನೂ ನಕ್ಕೆ. ಅವರು ನಗಲಿಲ್ಲ.

"ನಿಮ್ಮ ತಂದೆ ತಾಯಿ ಸಂಬಂಧದಲ್ಲಿ ಮದುವೆ ಆದವರಾ?" ಅಂತ ಕೇಳಿದ್ರು. ಹೌದ್ರಿ, ಅವ್ವನ್ನ ಅಕಿ ಸ್ವಾದರಮಾವಗ ಕೊಟ್ಟಾರ, ನಮ್ಮ ಕಡೆ ಹಂಗ ಐತ್ರಿ ಅಂದೆ. ಒಂದು ಹಾಳಿ ತಗದು ಗಂಡಸರಿಗೆ ಚೌಕ, ಹೆಂಗಸರಿಗೆ ಗುಂಡು ಬರಕೋತ ಹ್ವಾದ್ರು. ಆಯಿಗೊಂದು ಗುಂಡು. ಆಕಿ ತಮ್ಮ ನಮ್ಮಪ್ಪಗೊಂದು ಚೌಕ. ಆಯಿ ಮಗಳು ನಮ್ಮವ್ವಗೊಂದು ಗುಂಡು. ಅವ್ವ-ಅಪ್ಪನ ನಡುವ ಜೋಡಿ ಗೆರಿ, ರಕ್ತಸಂಬಂಧದಾಗ ಲಗ್ನ ಆದವರಿಗೆ ಹಂಗ ಎಳೀತಾರಂತ. ಕೆಳಗ ನಾನು. ನನ್ನ ಗುಂಡನ್ನ ಪೆನ್ನಿನಿಂದ ಕರ್ರಗ ತುಂಬಿದ್ರು.

ಕಣ್ಣಿನ ಹಿಂದಿನ ಪದರು ಸಾಯಾಕ ಹತ್ತೇತಂತ. ಮೊದಲ ಕತ್ತಲದಾಗಿಂದು ಹೋಗತೈತಿ, ಆಮ್ಯಾಲೆ ಬಾಜೂಕಿಂದು, ಕಡೀಕ ನಡುವಿಂದು. ಔಷಧ ಇಲ್ಲ. ಚಾಳೀಸ ಹಾಕಿದ್ರ ಉಪಯೋಗಿಲ್ಲ. ನುಗ್ಗಿ ತಪ್ಪಲ, ಗಜ್ಜರಿ, ಪಪ್ಪಾಯಿ, ಅವ್ವ ತಿನಸಿದ್ದೆಲ್ಲ ದಂಡ. ಹಗಲಿನ್ಯಾಗ ಇನ್ನೊಂದಿಷ್ಟು ವರ್ಷ ಓದಬಹುದು, ಆಮ್ಯಾಲೆ ಅದೂ ಖಾತ್ರಿ ಇಲ್ಲ. ಆ ಯಂತ್ರದ ಕಾಗದದ ಮ್ಯಾಲೆ ವಿಮಾನ ಹಾರಸಾಕ ಅಯೋಗ್ಯ ಅಂತ ಶಿಕ್ಕಾ ಬಿತ್ತು. ಅಯೋಗ್ಯ ಅನ್ನೂ ಶಬ್ದ ನಾ ನಿನಗ ಎಷ್ಟು ಸಲ ಬೈದೇನಿ, ಅಲ್ಲೇನೋ?

ಮನಿಗೆ ಬಂದು ಎಲ್ಲಾ ಹೇಳಿದೆ. ಅಪ್ಪ ಅಂಗಡಿ ಬೋರ್ಡಿಗೆ ಬಣ್ಣ ಹಚ್ಚಾಕ ಕುಂತ. ಮೊದಲ ಚಲೋನ ಇತ್ತು ಆ ಬೋರ್ಡು. ಅವ್ವ ಮೂರು ದಿವಸ ಬಿಟ್ಟು ಕೇಳಿದ್ಲು, "ನಾ ನಿಮ್ಮಪ್ಪನ್ನ ಮಾಡಿಕೊಂಡದ್ದಕ್ಕ ನಿನಗ ಹಿಂಗಾತಂತ?" ಅಂತ. ನೀಯೇನ ಮಾಡಿಕೊಂಡೀಯವ್ವ, ನಿನಗ ಮಾಡಿಕೊಟ್ಟಾರ, ನಿನಗಾಗ ಹದಿನಾರು ಅಂದೆ. ಸಮಾಧಾನ ಮಾಡಾಕ ಹೋಗಿ ಇನ್ನೂ ಅಳಿಸಿದೆ.

ಆಯಿ ನಂಬೂದಿಲ್ಲ. "ನನ್ನ ಮಗಳು ಪರರ ಮನ್ಯಾಗ ಕಣ್ಣೀರು ಹಾಕಬಾರದಂತ ನನ್ನ ತಮ್ಮಗ ಕೊಟ್ಟೆ, ಅದರಾಗ ನಿನ್ನ ಕಣ್ಣು ಹೆಂಗ ಹೋಗತಾವ?" ಅಂತ ಡಾಕ್ಟರಬಾಯಿಗೆ ಬೈತಾಳ. ಪಾಪ ಆಕಿದೂ ಖರೇನ. ಪ್ರೀತಿಲೇನ ಕೊಟ್ಲು. ಹುಣ್ಣಿವಿಗೆ ಸೌದತ್ತಿ ಗುಡ್ಡಕ್ಕ ಹೋಗಿ ಎಲ್ಲಮ್ಮಗ ಬೆಳ್ಳಿ ಕಣ್ಣು ಅರ್ಪಿಸಿ ಬಂದ್ಲು. ಬಂದಾಕಿ ಭಂಡಾರ ನನ್ನ ರೆಪ್ಪಿಗೆ ಹಚ್ಚಿ, "ಆತ ತಗೋ, ಆಕಾಶದ ಕಾಟ ತಪ್ಪಿತು, ದೀಪಾವಳಿಗೆ ಹುಡುಗ ರಜಾ ತಗೊಂಡು ಬರತಾನ, ಲಗ್ನ ಮಾಡಿ ಕೈ ತೊಳಕೊಳ್ರಿ" ಅಂದ್ಲು. ವೀರಪ್ಪ ಮಾವ ಮರುದಿನ ದೊಡವಾಡದಿಂದ ಬಂದ. "ಕಣ್ಣಿಂದ ಏನೈತಿ, ನಮ್ಮ ಹುಡುಗಿ, ಹೆಂಗಿದ್ರೂ ನಮ್ಮ ಮನಿಗೇ" ಅಂದ. ಎಂಥಾ ದೊಡ್ಡ ಮನಸೋ ನಿಮ್ಮಪ್ಪಂದು, ನಿಂಗರಾಜ. ನಾ ಎದ್ದು ಹಿತ್ತಲಕ್ಕ ಹ್ವಾದೆ.

ಈಗ ನನ್ನ ಕೆಲಸದ ಮಾತು ಕೇಳು. ಆ ಹಾಳ್ಯಾಗ ಡಾಕ್ಟರಬಾಯಿ ನಿನ್ನ ಚೌಕಾನೂ ಬರದ್ರು. ನೀನೂ ಆ ಆಯಿ ಮೊಮ್ಮಗನ. ನನ್ನ ಗುಂಡಿಗೂ ನಿನ್ನ ಚೌಕಕ್ಕೂ ನಡುವ ಜೋಡಿ ಗೆರಿ ಎಳಿಯಾಕ ಪೆನ್ನು ಇಟ್ಟಾವ್ರು ಹಂಗ ತಡದ್ರು. ಮಕ್ಕಳಿಗೆ ಇದು ಇಳಿಯೂ ಅಂಜಿಕಿ ಭಾಳ ಐತಿ ಅಂದ್ರು. ನನ್ನ ಹೊಟ್ಟ್ಯಾಗ ಹುಟ್ಟಿದ್ದು ಸಂಜೀಕ ಹಗ್ಗ ಎಡವಿ ಬೀಳೂದು, ನಾ ಅದಕ್ಕ ಅರಿಷಿಣ ಹಚ್ಚೂದು, ಕಣ್ಣು ಆಕಾಶದಾಗ ಐತಿ ಅನ್ನೂದು. ನನ್ನ ಕಡಿಂದ ಆಗೂದಿಲ್ಲ.

ನಾ ಒಲ್ಲೆ ಅಂದೆ. ಯಾರು ಕೇಳತಾರ? ನೌಕರಿ ತಪ್ಪಿದ್ದಕ್ಕ ತಲಿ ಕೆಟ್ಟೈತಿ, ಮಾಂಗಲ್ಯ ಬಿದ್ದ ಮ್ಯಾಲೆ ಸರಿ ಹೋಗತಾಳಂತಾರ. ನೀ ಒಲ್ಲೆ ಅಂದ್ರ ಮಾತ್ರ ಮುಗೀತೈತಿ. ಮಾವಗ ಪತ್ರ ಬರಿ, "ಕಣ್ಣಿಲ್ಲದಾಕಿ ನನಗ ಬ್ಯಾಡ" ಅಂತ. ಹಂಗ ಬರಿ, ಮೆತ್ತಗ ಬರದ್ರ ಕೇಳಂಗಿಲ್ಲ. ಊರಾಗ ನಿನ್ನ ಹೆಸರು ಕೆಡತೈತಿ, ಗೊತ್ತೈತಿ. ಆಯಿ ನಿನ್ನ ಜನ್ಮಕ್ಕ ಮಾತಾಡಸಂಗಿಲ್ಲ, ಅದೂ ಗೊತ್ತೈತಿ. ಮಕ್ಕಳ ಬ್ಯಾಡ ಬಿಡು, ಇಬ್ಬರ ಇರೂಣು ಅಂತ ಬರದಿ ಅಂದ್ರ ನಾ ಆ ಪತ್ರ ಹರದು ಒಲಿಗೆ ಹಾಕತೇನಿ. ನೀ ಮಾವಗ ಒಬ್ಬನ ಮಗಾ. ಮತ್ತ ನೀ ಕೂಸುಗಳನ್ನ ಕಂಡ್ರ ಹೆಂಗ ಮಾಡತಿ ಅಂತ ನಾ ನೋಡೇನಿ. ಕಿತ್ತೂರ ಕಡೆ ಯಾವದಾರ ಹೊರಗಿನ ಹುಡುಗಿನ್ನ ನೋಡಿಕೋ, ಸಂಬಂಧ ಇಲ್ಲದಾಕಿನ್ನ. ನನಗೇನೂ ಬ್ಯಾಸರಿಲ್ಲ. ಲಗ್ನದಾಗ ನಾನ ಮುಂದ ನಿಂತು ಬಡಸತೇನಿ, ಹಗಲ ಊಟ ಇಟಗೊಳ್ರಿ ಅಷ್ಟ.

ಆಕಾಶದ ಸುದ್ದಿ ಕೇಳತಿ ನೀ, ಅದಕ ಬರೀತೇನಿ. ಚಂದ್ರನ ಕಡೆ ನಮ್ಮ ಯಂತ್ರ ಕಳಸೂದು ಪಕ್ಕಾ ಆಗೇತಿ. ಮನುಷ್ಯಾರೂ ಹೋಗತಾರ, ನನ್ನ ಲೆಕ್ಕ ತಪ್ಪಿಲ್ಲ ನೋಡು. ಯಾವದೋ ಊರಿನ ಯಾರೋ ಒಬ್ಬಾಕಿ ಆ ಖುರ್ಚಿ ಮ್ಯಾಲೆ ಕುಂದರತಾಳ. ಈಗ ಆಕಿ ಪಾಟಿ ಹಿಡಕೊಂಡು ಸಾಲಿಗೆ ಹೊಂಟಿರಬೇಕು. ಆಕಿಗೆ ಒಳ್ಳೇದಾಗಲಿ ಅಂತ ಅನ್ನಬೇಕು, ದೊಡ್ಡ ಮನಸ ಇದ್ದವರು ಹಂಗ ಅಂತಾರ. ನನಗ ಅಷ್ಟು ದೊಡ್ಡ ಮನಸ ಇಲ್ಲೋ. ಉರೀತೈತಿ. ಟೀವಿಯೊಳಗ ಆ ದಿವಸ ಬಂದಾಗ ನನಗ ಟೀವಿ ಕಾಣಂಗಿಲ್ಲ, ಅದೊಂದ ಸಮಾಧಾನ.

ಪಂಚಮಿಗೆ ಬೇವಿನ ಗಿಡಕ್ಕ ಜೋಕಾಲಿ ಕಟ್ಟಿದ್ರು. ಮ್ಯಾಲೆ ಹೋಗಿ ಹೊಳ್ಳೂ ಮುಂದ ಒಂದ ಗಳಿಗಿ ಮೈಗೆ ಭಾರ ಇರಂಗಿಲ್ಲಲ್ಲ, ಬಾಹ್ಯಾಕಾಶದಾಗ ಹಿಂಗ ಇರತೈತಿ ಅಂತ ಸಣ್ಣಾಕಿದ್ದಾಗ ನಿನಗ ಹೇಳತಿದ್ದೆ, ನೀ ಇನ್ನೂ ಜೋರ ನೂಕತಿದ್ದಿ. ಹೊತ್ತು ಮುಣಗೂತನಕ ಜೀಕಿದೆ. ಬರೇ ಅದಷ್ಟ ಬಂತು ನನ್ನ ಪಾಲಿಗೆ. ಆಮ್ಯಾಲೆ ಮ್ಯಾಲೆ ನೋಡಿದೆ, ಏನೂ ಇರಲಿಲ್ಲ. "ಮೋಡ ಆಗೇತೇನ?" ಅಂತ ಅವ್ವನ್ನ ಕೇಳಿದೆ. ಅವ್ವ "ಹೂಂನವ್ವ, ಮೋಡ ಆಗೇತಿ" ಅಂದ್ಲು. ಬಾಜೂ ಮನಿ ಹುಡುಗ್ಯಾರು ಬೇಲಿ ಆಚಿಕಿಂದ, ಅಲ್ಲಿ ನೋಡ ಚೇಳಿನ ಕೊಂಡಿ, ಅಲ್ಲಿ ನೋಡ, ಅಂತ ನಾನ ಕಲಿಸಿದ ಚುಕ್ಕಿ ಎಣಸಾಕ ಹತ್ತಿದ್ರು. ನಾನೂ ಅವ್ವಾನೂ ಒಳಗ ಬಂದಿವಿ.

ಇನ್ನ ನೀ ಚುಕ್ಕಿ ಎಷ್ಟು ಕಾಣತಾವಂತ ಬರೀಬ್ಯಾಡ. ಬರೇ ಆರಾಮ ಅದೇನಿ ಅಂತ ಬರಿ.

ಆಯಿ ಆಶೀರ್ವಾದ ಹೇಳಂದಾಳ, ಇನ್ನೂ ನಿನ್ನ ಮ್ಯಾಲೆ ಸಿಟ್ಟಿಲ್ಲ ಆಕಿಗೆ, ಈಗ ತಗೊಂಡುಬಿಡು. ಅಪ್ಪ-ಅವ್ವಂದೂ ಆಶೀರ್ವಾದ. ನೀ ನನಗಿಂತ ದೊಡ್ಡಾವ, ನಾ ಆಶೀರ್ವಾದ ಮಾಡಾಕ ಬರಂಗಿಲ್ಲ. ನೂರು ವರ್ಷ ಬಾಳು ಅಂತ ಸುಮ್ಮ ಅನ್ನತೇನಿ.

ನಿನ್ನ ಅತ್ತಿ ಮಗಳು
ಅನ್ನಪೂರ್ಣಾ

ತಾ.ಕ.: ಒಂದು ಮಾತು ಬಿಟ್ಟಿದ್ದೆ. ಬರಿಯೂದೋ ಬ್ಯಾಡೋ ಅಂತ ಲಕೋಟಿ ಮುಚ್ಚಿ ಮತ್ತ ಬಿಚ್ಚೇನಿ. ಡಾಕ್ಟರಬಾಯಿ ನಿನ್ನ ಚೌಕಾ ಬರಿಯೂ ಮುಂದ, "ಮದುವೆ ಗೊತ್ತಾಗಿರೋ ಹುಡುಗನ ಹೆಸರೇನು?" ಅಂತ ಕೇಳಿದ್ರು. ಹುಟ್ಟಿದಾಗಿಂದ ಆಯಿ ಕಡಿಂದ ಬೈಸಿಕೊಂಡು ಹೇಳಿಕೋತ ಬಂದ ಹೆಸರು, ಆ ಖೋಲ್ಯಾಗ ನನ್ನ ಬಾಯಿಂದ ಹೊಂಡಲಿಲ್ಲ. ನಾಚಿಕಿ ಬಂತು. ಖರೇನ, ನನಗ! ಮಾರಿ ಬಿಸಿ ಆತು, ತಲಿ ತಗ್ಗಿಸಿದೆ, ಸೆರಗಿಲ್ಲದ್ದಕ್ಕ ಓಢಣಿ ತುದಿ ಬೆರಳಿಗೆ ಸುತ್ತಿದೆ. ಡಾಕ್ಟರಬಾಯಿ ನಕ್ಕು, ಇರಲಿ ಬಿಡಮ್ಮ ಅಂದ್ರು. ಆಮ್ಯಾಲೆ ಪೆನ್ನು ತಡದದ್ದು. ನೀ ಕಾಯತೇನಿ ಅಂತ ಬರದಿದ್ದಿಯಲ್ಲ, ಅದಕ್ಕ ಉತ್ತರ ನನಗೂ ಆವತ್ತ ಗೊತ್ತಾತು. ಇರಲಿ. ಇನ್ನ ನಿನ್ನ ಹೆಸರು ನಾ ಎಷ್ಟ ಸಲ ಹೇಳಿದ್ರೂ ನಿನ್ನ ಆಯುಷ್ಯಕ್ಕ ಏನೂ ಆಗಂಗಿಲ್ಲ. ನಿಂಗರಾಜ. ನಿಂಗರಾಜ. ನಿಂಗರಾಜ.